ನಾಲ್ಕೂವರೆ ಸ್ಟಾರ್ ಯಾರಿಗೆ ಕೊಟ್ಟದ್ದು?

ಹೋದ ವರ್ಷ ಒಂದು ಹಳೆಯ ರಷ್ಯನ್ ಕಾದಂಬರಿಯ ಇಂಗ್ಲಿಷ್ ಅನುವಾದ ತರಿಸಿದೆ. ಆನ್‌ಲೈನಲ್ಲೇ. ನಾಲ್ಕೂವರೆ ಸ್ಟಾರ್, ಸಾವಿರಾರು ರಿವ್ಯೂ. ಮೇಲಿದ್ದ ಏಳೆಂಟನ್ನು ಓದಿದೆ. ಒಬ್ಬರಂತೂ ಅನುವಾದದ ಭಾಷೆ ಎಷ್ಟು ಸಲೀಸು, ಆ ಉದ್ದುದ್ದ ರಷ್ಯನ್ ಹೆಸರುಗಳು ಗೋಜಲಾಗದ ಹಾಗೆ ಮೊದಲಿಗೇ ಪಾತ್ರಗಳ ಪಟ್ಟಿ ಕೊಟ್ಟಿದ್ದಾರೆ, ಕೊನೆಯ ಟಿಪ್ಪಣಿಗಳು ಎಷ್ಟು ಉಪಯೋಗಕ್ಕೆ ಬಂದವು ಅಂತ ಎರಡು ಪ್ಯಾರಾ ಬರೆದಿದ್ದರು. ಇನ್ನೇನು ಬೇಕು? ಆರ್ಡರ್ ಮಾಡಿದೆ.

ಬಂದ ಪುಸ್ತಕದಲ್ಲಿ ಅನುವಾದಕರ ಹೆಸರೇ ಇರಲಿಲ್ಲ. ಪಾತ್ರಗಳ ಪಟ್ಟಿ ಇಲ್ಲ, ಟಿಪ್ಪಣಿ ಇಲ್ಲ. ಅಕ್ಷರಗಳು ಇರುವೆ ಸಾಲು ಹೊರಟ ಹಾಗೆ. ಒಳಗಡೆ ಅಂಚು ಬಿಟ್ಟೇ ಇಲ್ಲ ಅನ್ನುವಷ್ಟು ಕಮ್ಮಿ, ಎಡಪುಟದ ಸಾಲಿನ ಕೊನೆಯ ಪದ ಓದಬೇಕಾದರೆ ಪುಸ್ತಕದ ಬೆನ್ನು ಮುರಿಯುವಷ್ಟು ಅಗಲಿಸಬೇಕು. ಹಾಗೆ ಅಗಲಿಸಿದ ಎರಡನೇ ದಿನ ಹದಿನಾರು ಪುಟ ಒಟ್ಟಿಗೇ ಕೈಗೆ ಬಂದವು. ಹಳೆಯ ಪ್ರತಿಯೊಂದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್ ಏನು ಓದಿತೋ ಅದನ್ನು ಯಾರೂ ತಿದ್ದದೆ ಹಾಗೇ ಅಚ್ಚಿಗೆ ಕಳಿಸಿದ್ದಾರೆ. ಹೇಗೆ ಗೊತ್ತಾಯಿತು ಅಂದರೆ, ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಕಪಕ್ಕ ಬಂದ ಕಡೆಯೆಲ್ಲ ಎರಡೂ ಅಂಟಿಕೊಂಡು ಎಮ್ ಆಗಿದ್ದವು. ಮನೆಗೆ ಬೆಂಕಿ ಬೀಳುವ ದೃಶ್ಯ. ಅಲ್ಲಿ 'ಬರ್ನ್' ಅಂತ ಇರಬೇಕಾದದ್ದು 'ಬಮ್' ಆಗಿ ಕೂತಿದೆ. ನಗಬೇಕೋ ಅಳಬೇಕೋ. ಇನ್ನೊಂದು ಕಡೆ ವಾಕ್ಯದ ನಟ್ಟನಡುವೆ 214 ಅನ್ನುವ ಅಂಕಿ. ಸ್ಕ್ಯಾನ್ ಮಾಡಿದ ಹಳೆಯ ಪ್ರತಿಯ ಪುಟಸಂಖ್ಯೆ ಅದು, ಕಥೆಯೊಳಗೆ ನುಗ್ಗಿಬಿಟ್ಟಿತ್ತು.

ರಿವ್ಯೂ ಬರೆದವರು ಸುಳ್ಳು ಹೇಳಿರಲಿಲ್ಲ. ಅವರು ಓದಿದ್ದು ಬೇರೆ ಪುಸ್ತಕ, ಅಷ್ಟೆ. ದೊಡ್ಡ ತಾಣಗಳಲ್ಲಿ ಒಂದು ಕೃತಿಯ ರಟ್ಟಿನ ಪ್ರತಿ, ಪೇಪರ್‌ಬ್ಯಾಕ್, ಇ-ಪುಸ್ತಕ, ಆಡಿಯೋ ಎಲ್ಲದರ ರಿವ್ಯೂಗಳನ್ನೂ ಒಂದೇ ಗುಡ್ಡೆ ಮಾಡಿ ಇಟ್ಟಿರುತ್ತಾರೆ. ಹಳೆಯ ಕ್ಲಾಸಿಕ್‌ಗಳ ವಿಷಯದಲ್ಲಿ ಬೇರೆ ಬೇರೆ ಪ್ರಕಾಶಕರ, ಬೇರೆ ಬೇರೆ ಅನುವಾದಗಳ ರಿವ್ಯೂಗಳೂ ಅದೇ ಗುಡ್ಡೆಗೆ ಬಂದು ಬೀಳುತ್ತವೆ. ಓದುಗರು ಸೇರಿ ಪುಸ್ತಕಗಳಿಗೆ ಸ್ಟಾರ್ ಕೊಟ್ಟು ಚರ್ಚೆ ಮಾಡುವ ತಾಣ ಗುಡ್‌ರೀಡ್ಸ್‌ನಲ್ಲಂತೂ ಇದು ಬೇಕೆಂದೇ ಮಾಡಿರುವ ಏರ್ಪಾಡು, ಅಲ್ಲಿ ಲೆಕ್ಕ ಕೃತಿಯದ್ದು, ಪ್ರತಿಯದ್ದಲ್ಲ. ಓದುವವರು ಚರ್ಚೆ ಮಾಡೋಕೆ ಅದು ಸರಿ. ಕೊಳ್ಳುವವರಿಗೆ ಅಲ್ಲ.

ಆಮೇಲೆ ಸಿಟ್ಟಿಗೆ ಅದೇ ಪುಟಕ್ಕೆ ವಾಪಸ್ ಹೋಗಿ, ರಿವ್ಯೂಗಳನ್ನು 'ಹೊಸದು ಮೊದಲು' ಅಂತ ಬದಲಿಸಿ ನೋಡಿದೆ. ಅಲ್ಲೇ ಇತ್ತು! ಮೂರು ಜನ ಫೋಟೋ ಸಮೇತ ಹಾಕಿದ್ದರು. ಅದೇ ಇರುವೆ ಸಾಲು, ಅದೇ ಕಿತ್ತುಬಂದ ಪುಟಗಳು. ನಾನು ನೋಡಿರಲಿಲ್ಲ, ಯಾಕೆಂದರೆ ಮೊದಲಿಗೆ ಕಾಣಿಸುವುದು ಜಾಸ್ತಿ ಮೆಚ್ಚುಗೆ ಪಡೆದ ರಿವ್ಯೂಗಳು, ಅವು ಎಷ್ಟೋ ಸಲ ಹಳೆಯವು. ಹೊಸಬರ ಗೋಳು ಕೆಳಗೆ ಬಿದ್ದಿರುತ್ತದೆ.

ಅಂದಿನಿಂದ ನಾನು ಪುಸ್ತಕಕ್ಕಿಂತ ಜಾಸ್ತಿ ಪುಸ್ತಕದ ರಿವ್ಯೂಗಳನ್ನೇ ಓದುತ್ತಿದ್ದೇನೆ ಅಂತ ಮನೆಯಲ್ಲಿ ಬೈಗುಳ. ಅದಕ್ಕೇ ಇದು ಯಾವ ಒಂದು ಪುಸ್ತಕದ ರಿವ್ಯೂನೂ ಅಲ್ಲ. ಆ ರಿವ್ಯೂಗಳದ್ದೇ ರಿವ್ಯೂ. ಸ್ಟಾರ್ ಈಗಲೇ ಹೇಳಿಬಿಡುತ್ತೇನೆ. ಅಚ್ಚು, ಬೈಂಡಿಂಗ್, ಅನುವಾದ ಯಾರದ್ದು, ಆವೃತ್ತಿ ಹಳೆಯದೋ ಹೊಸದೋ ಅಂತ ತಿಳಿಯೋಕೆ ಐದಕ್ಕೆ ನಾಲ್ಕು. ಪುಸ್ತಕ ನನಗೆ ಹಿಡಿಸುತ್ತದಾ ಅಂತ ತಿಳಿಯೋಕೆ, ಸರಾಸರಿ ಸ್ಟಾರನ್ನು ನೆಚ್ಚಿಕೊಂಡರೆ, ಒಂದು. ಸ್ಟಾರ್ ಬಿಟ್ಟು ಮಾತನ್ನು ಓದಿದರೆ ಮೂರು ಕೊಡಬಹುದು.

ಸರಾಸರಿಗೆ ಒಂದೇ ಯಾಕೆ ಅಂದರೆ, ಅದರೊಳಗೆ ಏನೇನು ಬಿದ್ದಿದೆ ನೋಡಿ. 'ಡಬ್ಬ ಜಜ್ಜಿಹೋಗಿತ್ತು', ಒಂದು ಸ್ಟಾರ್. 'ಇನ್ನೂ ಓದಿಲ್ಲ, ಕವರ್ ಚೆನ್ನಾಗಿದೆ', ಐದು ಸ್ಟಾರ್. 'ತಂಗಿಗೆ ಗಿಫ್ಟ್ ಕೊಟ್ಟೆ, ಖುಷಿಪಟ್ಟಳು', ಐದು. 'ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ಬಂತು', ಐದು. ಪಾಪ, ಆ ಕಾದಂಬರಿಕಾರ ಸತ್ತು ನೂರು ವರ್ಷದ ಮೇಲಾಗಿದೆ, ಡೆಲಿವರಿ ಹುಡುಗನ ಚುರುಕುತನಕ್ಕೆ ಅವನಿಗೆ ಸ್ಟಾರ್. ಅಮೆಜಾನ್‌ನಲ್ಲಿ 2015ರಿಂದ ಬರೀ ಕೂಡಿ ಭಾಗಿಸಿದ ಸರಾಸರಿ ಇಲ್ಲ, ಹೊಸ ರಿವ್ಯೂಗೆ, ಅಲ್ಲೇ ಕೊಂಡವರ ರಿವ್ಯೂಗೆ ತೂಕ ಜಾಸ್ತಿ. ಒಳ್ಳೆಯದೇ. ಆದರೆ ಗಿಫ್ಟ್ ಕೊಟ್ಟವರೂ ಅಲ್ಲೇ ಕೊಂಡವರಲ್ವಾ?

ಇನ್ನು ಕಳ್ಳ ರಿವ್ಯೂಗಳು. ಅಮೆಜಾನ್ 1995ರಲ್ಲಿ ಬಾಗಿಲು ತೆರೆದಾಗ ಮಾರುತ್ತಿದ್ದುದು ಬರೀ ಪುಸ್ತಕ. ಓದುಗರೇ ಅಭಿಪ್ರಾಯ ಬರೆಯಲಿ ಅನ್ನುವ ಸೌಲಭ್ಯವೂ ಆ ಕಾಲದಿಂದಲೇ ಇದೆ. ಅಂದಮೇಲೆ ಪುಸ್ತಕದ ರಿವ್ಯೂಗೆ ಎಷ್ಟು ವಯಸ್ಸೋ ಪುಸ್ತಕದ ಕಳ್ಳ ರಿವ್ಯೂಗೂ ಹೆಚ್ಚುಕಮ್ಮಿ ಅಷ್ಟೇ. 2004ರಲ್ಲಿ ಅವರ ಕೆನಡಾ ತಾಣದಲ್ಲಿ ಏನೋ ತಾಂತ್ರಿಕ ಎಡವಟ್ಟಾಗಿ, ಹೆಸರು ಮುಚ್ಚಿಟ್ಟು ಬರೆದವರ ನಿಜವಾದ ಹೆಸರುಗಳು ಸ್ವಲ್ಪ ದಿನ ಎಲ್ಲರಿಗೂ ಕಂಡುಬಿಟ್ಟವು. ನೋಡಿದರೆ ತಮ್ಮ ಪುಸ್ತಕಕ್ಕೆ ತಾವೇ ಬೆನ್ನು ತಟ್ಟಿಕೊಂಡ ಲೇಖಕರು! ಒಬ್ಬರು ಒಪ್ಪಿಕೊಂಡೂ ಬಿಟ್ಟರು. 2010ರಲ್ಲಿ ಬ್ರಿಟನ್ನಿನ ಹೆಸರುವಾಸಿ ಇತಿಹಾಸಕಾರರೊಬ್ಬರು 'ಹಿಸ್ಟೋರಿಯನ್' ಅನ್ನುವ ಮುಸುಕು ಹಾಕಿಕೊಂಡು ತಮ್ಮ ಪುಸ್ತಕ ಹೊಗಳಿ, ಅದೇ ವಿಷಯದ ಮೇಲೆ ಬರೆದ ಬೇರೆಯವರ ಪುಸ್ತಕಗಳನ್ನು ತೆಗಳಿದ್ದು ಬಯಲಾಯಿತು. ಆ ಹೆಸರಿನಲ್ಲಿ ಮುಸುಕಾದರೂ ಎಲ್ಲಿತ್ತು ಅನ್ನೋದು ನನ್ನ ಪ್ರಶ್ನೆ.

ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದ ಸುದ್ದಿ. ಅಮೆರಿಕದಲ್ಲಿ ಒಬ್ಬ ಪುಸ್ತಕದ ರಿವ್ಯೂಗಳನ್ನು ಸಗಟಿನಲ್ಲಿ ಮಾರುತ್ತಿದ್ದ. ಬಿಡಿಯಾಗಿ ಒಂದು ಬೇಕೋ, ಇಪ್ಪತ್ತರ ಕಟ್ಟೋ, ಐವತ್ತರದ್ದೋ. ಇ-ಪುಸ್ತಕಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಿ ಹೆಸರು ಮಾಡಿದ್ದ ಒಬ್ಬ ಲೇಖಕ ಅವನ ಹತ್ತಿರ 300 ರಿವ್ಯೂ ಕೊಂಡಿದ್ದನಂತೆ. ಅಷ್ಟೇ ಅಲ್ಲ, ರಿವ್ಯೂ ಬರೆಯುವವರು ಪುಸ್ತಕವನ್ನು ಅಮೆಜಾನ್‌ನಲ್ಲೇ ಕೊಂಡು ಬರೆಯಲಿ, ಆಗ ನಿಜವಾದ ಗಿರಾಕಿ ಅನ್ನುವ ಗುರುತು ಬೀಳುತ್ತದೆ ಅಂತಲೂ ನೋಡಿಕೊಂಡಿದ್ದ. ಆ 'ಖರೀದಿ ಖಚಿತ' ಅನ್ನುವ ಗುರುತಿಗೆ ಇಷ್ಟೇ ಅರ್ಥ. ಕೊಂಡಿದ್ದಾರೆ. ಓದಿದ್ದಾರೆ ಅಂತ ಅಲ್ಲ, ಕೊಂಡ ದುಡ್ಡು ಅವರದ್ದೇ ಅಂತಲೂ ಅಲ್ಲ.

ಹೊಗಳಿಕೆ ಕೊಳ್ಳುವುದು ಹಳೆಯ ಕಥೆಯಾಯಿತು, ಈಗ ಬೈಗುಳದ ಮಳೆ. ಗುಡ್‌ರೀಡ್ಸ್‌ನಲ್ಲಿ ಇನ್ನೂ ಅಚ್ಚಿಗೇ ಹೋಗದ ಪುಸ್ತಕಕ್ಕೂ ಸ್ಟಾರ್ ಕೊಡಬಹುದು. 2023ರಲ್ಲಿ ಒಬ್ಬ ಪ್ರಸಿದ್ಧ ಅಮೆರಿಕನ್ ಲೇಖಕಿ ತನ್ನ ಮುಂದಿನ ಕಾದಂಬರಿ ಸೈಬೀರಿಯಾದಲ್ಲಿ ನಡೆಯುತ್ತದೆ ಅಂತ ಹೇಳಿದ್ದೇ ತಡ, ಉಕ್ರೇನ್ ಯುದ್ಧದ ಸಿಟ್ಟಿಗೆ ನೂರಾರು ಜನ ಒಂದೊಂದು ಸ್ಟಾರ್ ಎಸೆದರು. ಪುಸ್ತಕ ಬರುವುದಕ್ಕೆ ಇನ್ನೂ ತಿಂಗಳುಗಟ್ಟಲೆ ಇತ್ತು. ಒಬ್ಬರೂ ಓದಿರಲಿಲ್ಲ, ಓದುವ ಹಾಗೂ ಇರಲಿಲ್ಲ. ಆಕೆ ಪ್ರಕಟಣೆಯನ್ನೇ ತಡೆಹಿಡಿದರು. ಅದೇ ವರ್ಷದ ಕೊನೆಗೆ, ಮೊದಲ ಪುಸ್ತಕವೇ ಇನ್ನೂ ಹೊರಬರದ ಇನ್ನೊಬ್ಬ ಲೇಖಕಿ ಸುಳ್ಳು ಖಾತೆಗಳನ್ನು ತೆರೆದು, ತನ್ನ ಹಾಗೇ ಹೊಸಬರಾದ ಬೇರೆ ಲೇಖಕರ ಪುಸ್ತಕಗಳಿಗೆ ಒಂದು ಸ್ಟಾರ್ ಕೊಡುತ್ತಾ ಕೂತಿದ್ದದ್ದು ಸಿಕ್ಕಿಬಿತ್ತು. ಪ್ರಕಾಶಕರು ಅವಳ ಪುಸ್ತಕವನ್ನೇ ಕೈಬಿಟ್ಟರು.

ಇದಕ್ಕೆ ಕಾನೂನು ಇಲ್ಲವಾ ಅಂದರೆ ಇದೆ. ಅಮೆರಿಕದಲ್ಲಿ 2024ರ ಅಕ್ಟೋಬರಿನಿಂದ ಸುಳ್ಳು ರಿವ್ಯೂ ಬರೆಸುವುದು, ಮಾರುವುದು ನಿಯಮದ ಪ್ರಕಾರವೇ ನಿಷಿದ್ಧ. ಭಾರತದಲ್ಲಿ ಸರಕುಗಳ ಗುಣಮಟ್ಟಕ್ಕೆ ಮಾನದಂಡ ಹಾಕುವ ಸರ್ಕಾರಿ ಸಂಸ್ಥೆ ಬಿಐಎಸ್ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆ ಅಂತಲೇ ಐಎಸ್ 19000 ಅನ್ನುವ ಮಾನದಂಡ ತಂದಿತು. ಇರಲಿ, ಸಂತೋಷ. ಕಾನೂನು ಹಿಡಿಯುವುದು ದುಡ್ಡಿಗೆ ಬರೆದವರನ್ನು. ಸ್ನೇಹಕ್ಕೆ, ಸಿಟ್ಟಿಗೆ ಬರೆದವರನ್ನು ಯಾವ ಕಾನೂನು ಹಿಡಿಯುತ್ತದೆ? ಈ ಮಾತಿಗೆ ಮತ್ತೆ ಬರುತ್ತೇನೆ, ಅದರಲ್ಲಿ ನನ್ನದೂ ಪಾಲಿದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು. ನನ್ನ ದುಡ್ಡು ಜಾಸ್ತಿ ಹೋಗಿದ್ದು ಕಳ್ಳ ರಿವ್ಯೂಗಳಿಂದಲ್ಲ. ಸಾಚಾ ರಿವ್ಯೂಗಳಿಂದ! ನಿಜವಾಗಿ ಕೊಂಡು, ನಿಜವಾಗಿ ಓದಿ, ನಿಜವಾಗಿ ಮೆಚ್ಚಿದವರು ಬರೆದದ್ದು. ಅವರು ನನ್ನಂಥವರಲ್ಲ, ಅಷ್ಟೇ ತೊಂದರೆ. ಒಂದು ಪುಸ್ತಕ ಹೊರಬಂದ ಮೊದಲ ವಾರಗಳಲ್ಲಿ ಓಡಿಬಂದು ಕೊಳ್ಳುವವರು ಯಾರು? ಆ ಲೇಖಕರನ್ನು ಆಗಲೇ ಮೆಚ್ಚಿದವರು. ಅವರು ಐದು ಸ್ಟಾರ್ ಕೊಡದೆ ಇನ್ನೇನು ಕೊಡುತ್ತಾರೆ? ಅದನ್ನು ನೋಡಿ ನನ್ನಂಥ ದಾರಿಹೋಕರು ಕೊಳ್ಳುತ್ತೇವೆ, ಸಪ್ಪೆ ಅನಿಸುತ್ತದೆ, ಸ್ಟಾರ್ ನಿಧಾನಕ್ಕೆ ಇಳಿಯುತ್ತದೆ. ಅಮೆಜಾನ್‌ನ ಪುಸ್ತಕಗಳನ್ನೇ ಇಟ್ಟುಕೊಂಡು ಸಂಶೋಧಕರು 2008ರಲ್ಲಿ ತೋರಿಸಿದ್ದೂ ಇದನ್ನೇ. ಹಾಗಾಗಿ ಪುಸ್ತಕ ಬಂದು ಒಂದು ತಿಂಗಳೊಳಗಿನ 4.8ಕ್ಕೂ ಹತ್ತು ವರ್ಷ ಹಳೆಯ ಪುಸ್ತಕದ 4.1ಕ್ಕೂ ಹೋಲಿಕೆಯೇ ಇಲ್ಲ. ನಾನು ಎರಡನೆಯದನ್ನು ತಗೊಳ್ಳುತ್ತೇನೆ.

ಇದಕ್ಕಿಂತ ಮಜಾ ಇರೋದು ಪ್ರಶಸ್ತಿಯ ಕಥೆ. ಗುಡ್‌ರೀಡ್ಸ್‌ನ ರಿವ್ಯೂಗಳ ಮೇಲೆ 2014ರಲ್ಲಿ ಬಂದ ಒಂದು ಅಧ್ಯಯನ ಇದೆ. ದೊಡ್ಡ ಪ್ರಶಸ್ತಿ ಬಂದ ಪುಸ್ತಕಗಳನ್ನೂ, ಕೊನೆಯ ಸುತ್ತಿನವರೆಗೆ ಬಂದು ಸೋತ ಪುಸ್ತಕಗಳನ್ನೂ ಹೋಲಿಸಿದರು. ಪ್ರಶಸ್ತಿ ಬಂದ ಮೇಲೆ ಗೆದ್ದ ಪುಸ್ತಕದ ಓದುಗರು ಜಾಸ್ತಿಯಾದರು, ಸ್ಟಾರ್ ಮಾತ್ರ ಸೋತ ಪುಸ್ತಕದ್ದಕ್ಕಿಂತ ಕೆಳಗೆ ಇಳಿಯಿತು. ಪುಸ್ತಕದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಬದಲಾದದ್ದು ಯಾರು ಓದುತ್ತಿದ್ದಾರೆ ಅನ್ನೋದು. ಪ್ರಶಸ್ತಿ ಬಂದಿದೆಯಲ್ಲ, ಓದೇಬಿಡೋಣ ಅಂತ ಬಂದವರಿಗೆ ಆ ಬಗೆಯ ಬರವಣಿಗೆಯೇ ಒಗ್ಗುವುದಿಲ್ಲ. ಇದನ್ನು ಓದಿದ ಮೇಲೆ ಪ್ರಶಸ್ತಿ ಬಂದ ಪುಸ್ತಕಕ್ಕೆ 3.6 ಇದ್ದರೆ ನಾನು ಹಿಂಜರಿಯುವುದು ಬಿಟ್ಟೆ.

ಅಂಥದ್ದೇ ಒಂದು 3.4ರ ಕಾದಂಬರಿ. ಐದು ಸ್ಟಾರಿನ ರಿವ್ಯೂಗಳು ಒಂದೂ ಉಪಯೋಗಕ್ಕೆ ಬರಲಿಲ್ಲ. 'ಅದ್ಭುತ', 'ಮನಮುಟ್ಟಿತು', 'ಎಲ್ಲರೂ ಓದಲೇಬೇಕು'. ಎಲ್ಲರೂ ಓದಲೇಬೇಕಾದ ಪುಸ್ತಕ ಅಂತ ಒಂದು ಇರುತ್ತದಾ? ಕೆಳಗೆ ಇಳಿದರೆ ಒಂದು ಸ್ಟಾರ್ ಕೊಟ್ಟ ಒಬ್ಬರು ಸಿಟ್ಟಿನಿಂದ ಬರೆದಿದ್ದರು: 'ನೂರಿಪ್ಪತ್ತು ಪುಟ ಆಯಿತು, ಮುದುಕ ಇನ್ನೂ ಬಾವಿ ತೋಡುತ್ತಲೇ ಇದ್ದಾನೆ. ನೀರೂ ಬರಲ್ಲ, ಕಥೆನೂ ಬರಲ್ಲ. ಯಾವ ಪದರದಲ್ಲಿ ಯಾವ ಬಣ್ಣದ ಮಣ್ಣು ಸಿಕ್ಕಿತು ಅಂತ ನನಗ್ಯಾಕೆ?' ಓದಿದ್ದೇ ಆರ್ಡರ್ ಮಾಡಿದೆ. ನನಗೆ ಬೇಕಾಗಿದ್ದು ಆ ಮಣ್ಣೇ. ಎರಡು ರಾತ್ರಿಯಲ್ಲಿ ಮುಗಿಸಿದೆ. ಆ ಪುಸ್ತಕವನ್ನು ನನಗೆ ಮಾರಿದವರು ಆ ಒಂದು ಸ್ಟಾರಿನ ಮಹಾನುಭಾವರು, ಅವರಿಗೆ ಗೊತ್ತೇ ಇಲ್ಲದೆ.

ಬೈದವರ ಮಾತಲ್ಲಿ ವಿವರ ಇರುತ್ತದೆ. ಸಿಟ್ಟು ಬಂದವರು ಎಲ್ಲಿ ನೋವಾಯಿತು ಅಂತ ಬೆರಳಿಟ್ಟು ತೋರಿಸುತ್ತಾರೆ, ಖುಷಿಯಾದವರು ಸುಮ್ನೆ ಕೈ ಮುಗಿಯುತ್ತಾರೆ. ಮಾರಾಟದ ಅಂಕಿಅಂಶ ಇಟ್ಟುಕೊಂಡು 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಒಂದು ಸ್ಟಾರ್ ಮಾಡುವ ಪೆಟ್ಟು ಐದು ಸ್ಟಾರ್ ಕೊಡುವ ಲಾಭಕ್ಕಿಂತ ದೊಡ್ಡದು ಅಂತ ಕಂಡಿತ್ತು. ಅಂದರೆ ಕೊಳ್ಳುವ ಜನ ಮೊದಲಿಂದಲೂ ಹೊಗಳಿಕೆಯನ್ನು ಸ್ವಲ್ಪ ಅನುಮಾನದಿಂದಲೇ ಓದುತ್ತಿದ್ದರು ಅಂತ ಆಯಿತು. ಆದರೆ ಬೈಗುಳ ಅಂದ ತಕ್ಷಣ ಓಡಿಹೋಗಬೇಡಿ. ಏನಕ್ಕೆ ಬೈದಿದ್ದಾರೆ ನೋಡಿ. 'ನಿಧಾನ', 'ಪಾತ್ರಗಳು ಜಾಸ್ತಿ', 'ಕೊನೆಗೆ ಏನಾಯಿತು ಅಂತ ಹೇಳೋದೇ ಇಲ್ಲ' ಇವೆಲ್ಲ ಕೆಲವರಿಗೆ ಬೈಗುಳ, ಕೆಲವರಿಗೆ ಆಮಂತ್ರಣ. ನಾನು ಒಬ್ಬ ಓದುಗಿಯನ್ನು ವರ್ಷಗಳಿಂದ ಹಿಂಬಾಲಿಸುತ್ತಿದ್ದೇನೆ, ಅವರ ಹೆಸರು ಬರೀ ಎರಡು ಅಕ್ಷರ, ಮುಖ ನೋಡಿಲ್ಲ. ಅವರು ಎಸೆದ ಪುಸ್ತಕಗಳೆಲ್ಲ ನನ್ನ ಕಪಾಟಿನಲ್ಲಿವೆ. ರುಚಿ ಪೂರ್ತಿ ಉಲ್ಟಾ ಇದ್ದರೂ ನಡೆಯುತ್ತದೆ, ಸ್ಥಿರವಾಗಿ ಉಲ್ಟಾ ಇದ್ದರೆ ಸಾಕು.

ಹೆಸರಿನ ಮೇಲೆ ಒತ್ತಿ, ಆ ವ್ಯಕ್ತಿ ಬೇರೆ ಏನೇನು ಬರೆದಿದ್ದಾರೆ ನೋಡುವುದು ಅರ್ಧ ನಿಮಿಷದ ಕೆಲಸ. ಒಂದೇ ಪ್ರಕಾಶಕರ ಏಳು ಪುಸ್ತಕಕ್ಕೆ ಒಂದೇ ವಾರದಲ್ಲಿ ಐದೈದು ಸ್ಟಾರ್ ಇದ್ದರೆ ಗೊತ್ತಾಯಿತಲ್ಲ. ಮೂರು ಸ್ಟಾರಿನವರನ್ನು ಮರೆಯಬೇಡಿ, ದುಡ್ಡು ಕೊಟ್ಟು ಮೂರು ಸ್ಟಾರ್ ಬರೆಸುವವರು ಕಮ್ಮಿ.

ಈಗ ಕೆಲವು ತಾಣಗಳಲ್ಲಿ ರಿವ್ಯೂಗಳನ್ನೆಲ್ಲ ಕಂಪ್ಯೂಟರೇ ಓದಿ ಮೇಲೆ ನಾಲ್ಕು ಸಾಲಿನ ಸಾರಾಂಶ ಹಾಕುತ್ತದೆ. ಇಯರ್‌ಫೋನ್ ಕೊಳ್ಳೋಕೆ ಚೆನ್ನಾಗಿದೆ. ಕಾದಂಬರಿಗೆ ಬಂದರೆ 'ಓದುಗರಿಗೆ ಕಥೆ ಇಷ್ಟವಾಗಿದೆ, ಕೆಲವರಿಗೆ ವೇಗ ಕಡಿಮೆ ಅನಿಸಿದೆ'. ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು. ಆ ಬಾವಿಯ ಮುದುಕ ಅದರಲ್ಲಿ ಯಾವತ್ತೂ ಸಿಗುವುದಿಲ್ಲ.

ನಿಘಂಟು, ವ್ಯಾಕರಣ, ಪ್ರೋಗ್ರಾಮಿಂಗ್, ಪರೀಕ್ಷೆಯ ಪುಸ್ತಕ ಇಂಥವಕ್ಕೆ ಮಾತ್ರ ಕಣ್ಣುಮುಚ್ಚಿ ರಿವ್ಯೂ ನಂಬುತ್ತೇನೆ. 'ಆರನೇ ಅಧ್ಯಾಯದ ಉತ್ತರಗಳು ತಪ್ಪು', 'ಹಳೆಯ ಸಿಲೆಬಸ್' ಅಂತ ಯಾರಾದರೂ ಹೇಳಿದರೆ ಅದರಲ್ಲಿ ರುಚಿಯ ಪ್ರಶ್ನೆ ಇಲ್ಲ. ಒಳಗಿನ ಕೆಲವು ಪುಟ ಪುಕ್ಕಟೆ ಓದೋಕೆ ಬಿಟ್ಟಿದ್ದರೆ ಅದನ್ನೂ ನೋಡಿ. ಅಲ್ಲೂ ಒಂದು ಚೂರು ಎಚ್ಚರ, ಎಷ್ಟೋ ಸಲ ತೋರಿಸುವುದು ಇ-ಪುಸ್ತಕದ ಪುಟಗಳನ್ನು, ಕಳಿಸುವುದು ಅಚ್ಚಿನದ್ದನ್ನು. ನನ್ನ 'ಬಮ್' ಅಲ್ಲಿ ಕಾಣುತ್ತಿರಲಿಲ್ಲ.

ನಿಜವಾದ ಕಷ್ಟ ಇರೋದು ನಾಲ್ಕೈದೇ ರಿವ್ಯೂ ಇರುವ ಪುಸ್ತಕಗಳಲ್ಲಿ. ಸಣ್ಣ ಪ್ರಕಾಶಕರು, ಐನೂರು ಪ್ರತಿ, ಹೊಸ ಲೇಖಕ. ಇಲ್ಲಿ ಸರಾಸರಿಯೂ ಇಲ್ಲ, ಹಳೆಯದು ಹೊಸದು ಅನ್ನುವ ಲೆಕ್ಕವೂ ನಡೆಯುವುದಿಲ್ಲ. ಬರೆದವರೆಲ್ಲ ಹೆಚ್ಚುಕಮ್ಮಿ ಗೆಳೆಯರೇ. ಅಲ್ಲೇ ನನ್ನ ಪಾಲು.

ನನ್ನ ಗೆಳೆಯನೊಬ್ಬ ಕವನ ಸಂಕಲನ ತಂದ. ಫೋನ್ ಮಾಡಿ, ಒಂದು ರಿವ್ಯೂ ಹಾಕೋ ಅಂದ. ನಾಲ್ಕು ಪದ್ಯ ಓದಿದ್ದೆ. ಐದು ಸ್ಟಾರ್ ಕೊಟ್ಟು 'ಹೊಸ ಸಂವೇದನೆಯ ಕವಿ, ಪ್ರತಿ ಸಾಲೂ ಕಾಡುತ್ತದೆ' ಅಂತ ಬರೆದೆ. ಬರೆಯುವಾಗ ನಾಚಿಕೆ ಆಗಲಿಲ್ಲ, ಅದೇ ನೋಡಿ. ಒಟ್ಟು ಆರು ರಿವ್ಯೂ ಆದವು, ಆರಕ್ಕೂ ಐದು ಸ್ಟಾರ್. ಕೆಲವು ತಿಂಗಳ ಮೇಲೆ ಹೋಗಿ ನೋಡಿದರೆ ಏಳನೆಯದು ಬಂದಿತ್ತು. ಎರಡು ಸ್ಟಾರ್. ಯಾರೋ ಗೊತ್ತಿಲ್ಲದವರು. 'ಮೇಲಿನವರ ಮಾತು ನಂಬಿ ತಗೊಂಡೆ. ಇವರಲ್ಲಿ ಯಾರೂ ಈ ಪುಸ್ತಕ ಓದಿಲ್ಲ ಅನಿಸುತ್ತದೆ. ಆರು ಜನರಲ್ಲಿ ಒಬ್ಬರೂ ಒಂದು ಪದ್ಯದ ಹೆಸರೂ ಹೇಳಿಲ್ಲ.'

ಮತ್ತೆ ಮೇಲಕ್ಕೆ ಹೋಗಿ ಆರನ್ನೂ ಓದಿದೆ. ಹೌದು, ಒಂದರಲ್ಲೂ ಇಲ್ಲ.

ಆ ಭಾನುವಾರ ಕೂತು ಪುಸ್ತಕ ಪೂರ್ತಿ ಓದಿದೆ. ಐವತ್ತೆರಡು ಪದ್ಯ. ಮೂವತ್ತಕ್ಕಿಂತ ಜಾಸ್ತಿ ಮಾಮೂಲಿ ಮಳೆ, ಮೌನ, ಹಣತೆ. ಒಂಬತ್ತು ಚೆನ್ನಾಗಿವೆ. ಒಂದು, ಅಪ್ಪ ಸತ್ತ ಮೇಲೆ ಅವರ ಕನ್ನಡಕ ಹಾಕಿಕೊಂಡು ಅವರು ಅರ್ಧಕ್ಕೆ ಬಿಟ್ಟ ಪೇಪರ್ ಓದಲು ನೋಡುವ ಪದ್ಯ, ಅದನ್ನು ಓದಿ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಇದನ್ನು ಓದದೇ 'ಕಾಡುತ್ತದೆ' ಅಂತ ಬರೆದಿದ್ದೆನಲ್ಲ. ಹಳೆಯ ರಿವ್ಯೂ ಅಳಿಸಿದೆ. ಮೂರು ಸ್ಟಾರ್ ಕೊಟ್ಟು, ಕವಿ ನನ್ನ ಗೆಳೆಯ ಅಂತ ಮೊದಲ ಸಾಲಿನಲ್ಲೇ ಹೇಳಿ, ಯಾವ ಒಂಬತ್ತು, ಯಾವ ಪುಟ ಅಂತ ಬರೆದೆ.

ಎರಡೇ ದಿನಕ್ಕೆ ಫೋನ್ ಬಂತು. 'ಏನ್ ಮಾರಾಯ, ಎರಡು ಸ್ಟಾರ್ ಕಿತ್ಕೊಂಡ್ಯಲ್ಲ' ಅಂದ. ನಾನು ಏನೋ ಸಮಜಾಯಿಷಿ ಹೇಳಲು ಹೋದೆ. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಬೇರೆ ದನಿಯಲ್ಲಿ ಕೇಳಿದ, 'ಆ ಕನ್ನಡಕದ ಪದ್ಯ, ನಿಜವಾಗ್ಲೂ ಹಿಡಿಸ್ತಾ?'

'ಪುಟ 41 ಅಂತ ಬರೆದಿದ್ದೀನಲ್ಲೋ' ಅಂದೆ.